ವ್ಯಾನ್ ಮಾರಿಸನ್ ಹಾಡಿದ 23 ಹಳೇ ಹಾಡುಗಳು: ಸ್ಕಿಫಲ್ ಎಲ್ಲಿಂದ ಬಂತು, ಈ ಹಾಡುಗಳು ಯಾರವು?

2023ರ ಮಾರ್ಚ್ 10ರಂದು ವ್ಯಾನ್ ಮಾರಿಸನ್ ಒಂದು ಹೊಸ ಆಲ್ಬಂ ಹೊರತಂದರು. ಹೆಸರು 'ಮೂವಿಂಗ್ ಆನ್ ಸ್ಕಿಫಲ್'. ಒಟ್ಟು 23 ಹಾಡು, ಎರಡು ಸಿ.ಡಿ. ತುಂಬುವಷ್ಟು. ಉತ್ತರ ಐರ್ಲೆಂಡಿನ ಈ ಗಾಯಕರಿಗೆ ಆಗ 77 ವರ್ಷ. 'ಗ್ಲೋರಿಯಾ', 'ಬ್ರೌನ್ ಐಡ್ ಗರ್ಲ್' ಬರೆದವರು ಇವರೇ. 1968ರ 'ಆಸ್ಟ್ರಲ್ ವೀಕ್ಸ್', 1970ರ 'ಮೂನ್‌ಡಾನ್ಸ್' ಆಲ್ಬಂಗಳನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗಿ ಕೇಳುತ್ತಾರೆ. ಸ್ವಂತ ಹಾಡಿಗೆ ಬರವೇ ಇಲ್ಲದ ಇಂಥವರು ಈ ವಯಸ್ಸಿನಲ್ಲಿ ಒಂದೂವರೆ ಗಂಟೆ ಬೇರೆಯವರ ಹಾಡನ್ನೇ ಹಾಡಿದ್ದು ಯಾಕೆ?

ಹಿಂದೆ ಬೇರೆಯವರು ಹಾಡಿದ್ದನ್ನು ತಾವು ಮತ್ತೆ ಹಾಡಿದರೆ ಅದಕ್ಕೆ ಕವರ್ ಅನ್ನುತ್ತಾರೆ. ವಯಸ್ಸಾದ ಗಾಯಕರು ಇಡೀ ಆಲ್ಬಮ್ಮೇ ಹಾಗೆ ಮಾಡಿದರೆ, ಬರೆಯೋಕೆ ಇನ್ನೇನೂ ಉಳಿದಿಲ್ಲ ಅಂತ ಕೇಳುಗರಿಗೆ ಅನುಮಾನ ಬರುವುದು ಸಹಜ. ಈ ಆಲ್ಬಮ್ಮಿನ ವಿಷಯದಲ್ಲಿ ಆ ಅನುಮಾನ ಬೇಡ. ಸ್ಕಿಫಲ್ ಅನ್ನುವ ಸಂಗೀತ ನಿಂತದ್ದೇ ಬೇರೆಯವರ ಹಾಡಿನ ಮೇಲೆ. ಅಲ್ಲಿ ಹಾಡು ಬರೆಯುವುದಕ್ಕಿಂತ ಎಲ್ಲೋ ಕೇಳಿದ ಹಾಡನ್ನು ತಮ್ಮ ಕೈಗೆ, ತಮ್ಮ ಗಂಟಲಿಗೆ ಒಗ್ಗಿಸಿಕೊಳ್ಳುವುದೇ ದೊಡ್ಡ ಕೆಲಸ. ಹಾಗಾಗಿ ಈ 23 ಹಾಡುಗಳು ಯಾರಿಂದ ಯಾರಿಗೆ ದಾಟಿ ಬಂದವು ಅಂತ ತಿಳಿದುಕೊಳ್ಳದೆ ಕೇಳಿದರೆ ಆಲ್ಬಂ ಅರ್ಧ ಮಾತ್ರ ಕೇಳಿದಂತೆ ಅಂತ ನನ್ನ ನಂಬಿಕೆ.

ಜಾಸ್ ನಡುವಿನ ಬಿಡುವಿನಲ್ಲಿ

ಸ್ಕಿಫಲ್ ಅನ್ನುವ ಹೆಸರು ಅಮೆರಿಕದ್ದು. 1920ರ ದಶಕದಲ್ಲಿ ಶಿಕಾಗೊದಂಥ ನಗರಗಳ ಕಪ್ಪು ಜನರ ಕೇರಿಗಳಲ್ಲಿ, ಮನೆ ಬಾಡಿಗೆಗೆ ದುಡ್ಡು ಸಾಲದಿದ್ದರೆ ಮನೆಯಲ್ಲೇ ಸಂಗೀತದ ಪಾರ್ಟಿ ಇಡುತ್ತಿದ್ದರು. ಬಂದವರು ಒಂದಿಷ್ಟು ಕಾಸು ಕೊಡುತ್ತಿದ್ದರು. ಅಲ್ಲಿ ನುಡಿಸುತ್ತಿದ್ದ ಸಂಗೀತಕ್ಕೆ ಈ ಹೆಸರು ಅಂಟಿಕೊಂಡಿತ್ತು. 1929ರಲ್ಲಿ ಪ್ಯಾರಾಮೌಂಟ್ ಕಂಪನಿ 'ಹೋಮ್‌ಟೌನ್ ಸ್ಕಿಫಲ್' ಅಂತ ಒಂದು ರೆಕಾರ್ಡನ್ನೂ ತಂದಿತ್ತು. ಆಮೇಲೆ ಅಲ್ಲಿ ಆ ಹೆಸರು ಹೆಚ್ಚುಕಡಿಮೆ ಮರೆತೇ ಹೋಯಿತು.

ಅದಕ್ಕೆ ಮತ್ತೆ ಜೀವ ಬಂದದ್ದು ಲಂಡನ್ನಿನಲ್ಲಿ. ಕೆನ್ ಕಾಲ್ಯರ್ ಅನ್ನುವ ತುತ್ತೂರಿ ವಾದಕರಿಗೆ ನ್ಯೂ ಆರ್ಲಿಯನ್ಸ್ ಜಾಸ್ ಅಂದರೆ ಪ್ರಾಣ. ಅದನ್ನು ಹುಟ್ಟಿದ ಊರಲ್ಲೇ ಕೇಳಬೇಕು ಅಂತ ಅವರು ಸರಕು ಹಡಗಿನಲ್ಲಿ ಕೆಲಸಕ್ಕೆ ಸೇರಿ ಅಮೆರಿಕ ತಲುಪಿದರು. ಅಲ್ಲಿನ ಹಳೇ ವಾದಕರ ಜೊತೆ ನುಡಿಸಿದರು. ವೀಸಾ ಅವಧಿ ಮೀರಿದ್ದಕ್ಕೆ ಜೈಲಿಗೂ ಹೋದರು. 1953ರಲ್ಲಿ ವಾಪಸ್ ಬಂದಾಗ ಕ್ರಿಸ್ ಬಾರ್ಬರ್, ಲಾನಿ ಡಾನಿಗನ್ ಮೊದಲಾದವರಿದ್ದ ತಂಡ ಅವರಿಗಾಗಿ ಕಾಯುತ್ತಿತ್ತು. ಜಾಸ್ ಕಛೇರಿಯಲ್ಲಿ ತುತ್ತೂರಿ ಊದುವವರಿಗೆ ಸ್ವಲ್ಪ ಹೊತ್ತು ತುಟಿಗೆ ವಿಶ್ರಾಂತಿ ಬೇಕು. ಆ ಬಿಡುವಿನಲ್ಲಿ ಮೂರು ನಾಲ್ಕು ಜನ ಗಿಟಾರ್, ತಗ್ಗುದನಿಯ ಬೇಸ್, ಬಟ್ಟೆ ಒಗೆಯುವ ವಾಷ್‌ಬೋರ್ಡ್ ಹಿಡಿದು ಅಮೆರಿಕದ ಜನಪದ ಹಾಡು, ಕಪ್ಪು ಜನರ ನೋವಿನ ಹಾಡಾದ ಬ್ಲೂಸ್ ಹಾಡುತ್ತಿದ್ದರು. ಅದನ್ನು ಸ್ಕಿಫಲ್ ಅಂತ ಕರೆದರು. ಕೆಲವು ಕಾಲದಲ್ಲೇ ಜನ ಜಾಸ್‌ಗಿಂತ ಈ ಬಿಡುವಿನ ಹಾಡಿಗೇ ಕಾಯತೊಡಗಿದರು.

1954ರ ಜುಲೈನಲ್ಲಿ ಬಾರ್ಬರ್ ತಂಡ ಡೆಕ್ಕಾ ಕಂಪನಿಗೆ ಒಂದು ಜಾಸ್ ಆಲ್ಬಂ ರೆಕಾರ್ಡ್ ಮಾಡಿತು. ಅದರಲ್ಲಿ ಒಂದೆರಡು ಸ್ಕಿಫಲ್ ಹಾಡೂ ಸೇರಿಕೊಂಡವು. ಡಾನಿಗನ್ ಗಿಟಾರ್ ಹಿಡಿದು ಹಾಡಿದರು, ಬಾರ್ಬರ್ ಬೇಸ್ ನುಡಿಸಿದರು, ಬೆರಿಲ್ ಬ್ರೈಡನ್ ವಾಷ್‌ಬೋರ್ಡ್ ಉಜ್ಜಿದರು. ಅವುಗಳಲ್ಲಿ ಒಂದು 'ರಾಕ್ ಐಲೆಂಡ್ ಲೈನ್'. 1955ರ ಕೊನೆಗೆ ಅದು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ ಹೊರಬಂತು. 1956ರಲ್ಲಿ ಬ್ರಿಟನ್ನಿನಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಅಮೆರಿಕದ ಹಾಡನ್ನೇ ಅಮೆರಿಕಕ್ಕೆ ಮಾರಿದ ಹಾಗಾಯಿತು. ಡಾನಿಗನ್‌ಗೆ ಸಿಕ್ಕಿದ್ದು ಮಾತ್ರ ಆ ದಿನ ಸ್ಟುಡಿಯೊದಲ್ಲಿ ಹಾಡಿದ್ದಕ್ಕೆ ಕೊಟ್ಟ ಕೆಲವೇ ಪೌಂಡು. ರಾಯಲ್ಟಿ, ಅಂದರೆ ಮಾರಾಟದಲ್ಲಿ ಪಾಲು, ಇರಲಿಲ್ಲ.

ಈ ಒಂದು ಹಾಡು ಬ್ರಿಟನ್ನಿನ ಹುಡುಗರನ್ನು ಯಾಕೆ ಅಷ್ಟೊಂದು ಅಲುಗಾಡಿಸಿತು? ಯುದ್ಧ ಮುಗಿದು ಹತ್ತು ವರ್ಷ ಆಗಿತ್ತು. ರೇಷನ್ ಮುಗಿದದ್ದೇ 1954ರಲ್ಲಿ. ವಿದೇಶಿ ವಿನಿಮಯದ ಕೊರತೆಯಿಂದ ಅಮೆರಿಕದ ಗಿಟಾರ್ ತರಿಸಿಕೊಳ್ಳುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಇತ್ತು. ಸಂಗೀತ ಅಂದರೆ ಕೋಟು ತೊಟ್ಟ ದೊಡ್ಡ ಬ್ಯಾಂಡ್, ಸ್ವರಲಿಪಿ ಓದಬಲ್ಲ ವಾದಕರು, ದುಬಾರಿ ವಾದ್ಯ. ಅಂಥ ಕಾಲದಲ್ಲಿ ರೇಡಿಯೊದಿಂದ ಬಂದ ಈ ಹಾಡು 'ಇದು ನಾವೂ ಮಾಡಬಹುದಲ್ಲ' ಅನ್ನಿಸಿತು.

ನಿಜವಾಗಿಯೂ ಮಾಡಬಹುದಿತ್ತು. ವಾಷ್‌ಬೋರ್ಡ್ ಅಂದರೆ ಬಟ್ಟೆ ಉಜ್ಜಿ ಒಗೆಯುವ, ಏಣುಗಳಿರುವ ಹಲಗೆ. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿಗಳನ್ನು ತೊಟ್ಟು ಅದನ್ನು ಉಜ್ಜಿದರೆ ತಾಳ ಸಿಕ್ಕಿತು. ಬೇಸ್ ಇನ್ನೂ ಸರಳ. ಅಸ್ಸಾಂ, ಸಿಲೋನ್ ಕಡೆಯಿಂದ ಹಡಗಿನಲ್ಲಿ ಚಹಾ ತುಂಬಿಕೊಂಡು ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಗಳು ಬ್ರಿಟನ್ನಿನ ಬೀದಿ ಬೀದಿಯಲ್ಲಿ ಸಿಗುತ್ತಿದ್ದವು. ಖಾಲಿ ಪೆಟ್ಟಿಗೆ ಕವುಚಿ ಹಾಕಿ, ಮಧ್ಯದಲ್ಲಿ ತೂತು ಮಾಡಿ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಪೊರಕೆ ಕೋಲಿಗೆ ಬಿಗಿಯುತ್ತಿದ್ದರು. ಕೋಲನ್ನು ಹಿಂದಕ್ಕೆ ಬಾಗಿಸಿದರೆ ದಾರ ಬಿಗಿಯಾಗಿ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ನಮ್ಮ ತೋಟಗಳ ಚಹಾ ಹೊತ್ತ ಪೆಟ್ಟಿಗೆಗಳೇ ಅಲ್ಲಿ ಒಂದು ತಲೆಮಾರಿನ ಸಂಗೀತಕ್ಕೆ ಬೇಸ್ ಆದವು ಅನ್ನುವುದು ನನಗಂತೂ ತುಂಬ ಇಷ್ಟವಾದ ಸಂಗತಿ.

ಉಳಿದದ್ದು ಗಿಟಾರ್. ಅದೊಂದನ್ನು ಹೇಗಾದರೂ ಹೊಂದಿಸಬೇಕು. ಆದರೆ ಪೂರ್ತಿ ಕಲಿಯಬೇಕಿಲ್ಲ, ಮೂರು ಕಾರ್ಡ್ ಸಾಕು. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅದು ಕಾರ್ಡ್. ಹಾಡು ಯಾವ ಸ್ವರದಲ್ಲಿ ನೆಲೆ ನಿಂತಿದೆಯೋ ಆ ಸ್ವರದ ಮೇಲೆ ಒಂದು, ಅಲ್ಲಿಂದ ಎಣಿಸಿದರೆ ನಾಲ್ಕನೆಯ ಸ್ವರದ ಮೇಲೆ ಇನ್ನೊಂದು, ಐದನೆಯದರ ಮೇಲೆ ಮತ್ತೊಂದು. ಮೊದಲನೆಯದು ಮನೆ. ನಾಲ್ಕನೆಯದು ಮನೆ ಬಿಟ್ಟು ಹೊರಗೆ ಕಾಲಿಡುತ್ತದೆ. ಐದನೆಯದು ವಾಪಸ್ ಬರೋಕೆ ಚಡಪಡಿಸುತ್ತದೆ. ಅಮೆರಿಕದ ಜನಪದ, ಬ್ಲೂಸ್, ಕಂಟ್ರಿ (ಬಿಳಿಯರ ಹಳ್ಳಿ ಸಂಗೀತ) ಹಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಹಾಡು ಇಷ್ಟರಲ್ಲೇ ಮುಗಿಯುತ್ತವೆ. ಅಂದರೆ ಮೂರು ಕಾರ್ಡ್ ಕಲಿತ ಹುಡುಗನಿಗೆ ಒಂದೇ ವಾರದಲ್ಲಿ ಹತ್ತಾರು ಹಾಡು ಕೈವಶ. ಮಾರಿಸನ್ ಆಲ್ಬಮ್ಮಿನ ಬಹುಪಾಲು ಹಾಡುಗಳ ಅಸ್ಥಿಪಂಜರವೂ ಇದೇ.

1957ರ ಹೊತ್ತಿಗೆ ಬ್ರಿಟನ್ನಿನಲ್ಲಿ 30ರಿಂದ 50 ಸಾವಿರ ಸ್ಕಿಫಲ್ ತಂಡಗಳಿದ್ದವು ಅಂತ ಒಂದು ಅಂದಾಜಿದೆ. ಲಂಡನ್ನಿನ ಸೋಹೊದಲ್ಲಿ ಟೂ ಐಸ್ ಅನ್ನುವ ಕಾಫಿ ಬಾರ್ ಇದಕ್ಕೆ ಅಡ್ಡೆ ಆಯಿತು. ಬಿಬಿಸಿ ರೇಡಿಯೊ 'ಸ್ಯಾಟರ್ಡೆ ಸ್ಕಿಫಲ್ ಕ್ಲಬ್' ಶುರು ಮಾಡಿತು. ಲಿವರ್‌ಪೂಲಿನಲ್ಲಿ ಜಾನ್ ಲೆನನ್ 'ಕ್ವಾರಿಮೆನ್' ತಂಡ ಕಟ್ಟಿದರು. 1957ರ ಜುಲೈ 6ರಂದು ವೂಲ್ಟನ್ನಿನ ಚರ್ಚ್ ಜಾತ್ರೆಯಲ್ಲಿ ಆ ತಂಡ ಡಾನಿಗನ್ ಹಾಡಿದ್ದ 'ಪುಟಿಂಗ್ ಆನ್ ದ ಸ್ಟೈಲ್' ಹಾಡಿತು. ಮುಂದೆ ಬೀಟಲ್ಸ್ ತಂಡದಲ್ಲಿ ಜೊತೆಗಾರರಾದ ಪಾಲ್ ಮೆಕಾರ್ಟ್ನಿ ಲೆನನ್‌ಗೆ ಪರಿಚಯ ಆದದ್ದು ಅವತ್ತೇ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜಿಮ್ಮಿ ಪೇಜ್ ಎಂಬ ಶಾಲಾ ಹುಡುಗ ತನ್ನ ತಂಡದ ಜೊತೆ ಬಿಬಿಸಿ ಟೀವಿಯಲ್ಲಿ ಕಾಣಿಸಿಕೊಂಡು 'ಕಾಟನ್ ಫೀಲ್ಡ್ಸ್' ನುಡಿಸಿದ. ಮುಂದೆ 'ಲೆಡ್ ಜೆಪ್ಲಿನ್' ಎಂಬ ರಾಕ್ ತಂಡ ಕಟ್ಟಿದ್ದು ಅದೇ ಹುಡುಗ. 'ಕಾಟನ್ ಫೀಲ್ಡ್ಸ್' ಮಾರಿಸನ್ ಆಲ್ಬಮ್ಮಿನಲ್ಲೂ ಇದೆ.

ಬೆಲ್‌ಫಾಸ್ಟಿನ ಹುಡುಗ ಬೇರೆ ಯಾಕೆ?

ಮಾರಿಸನ್ ಹುಟ್ಟಿದ್ದು 1945ರ ಆಗಸ್ಟ್ 31ರಂದು, ಪೂರ್ವ ಬೆಲ್‌ಫಾಸ್ಟಿನ ಹಿಂಡ್‌ಫರ್ಡ್ ಬೀದಿಯ ಪುಟ್ಟ ಮನೆಯಲ್ಲಿ. ತಂದೆ ಜಾರ್ಜ್ ಹಾರ್ಲೆಂಡ್ ಆಂಡ್ ವೂಲ್ಫ್ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್. ಟೈಟಾನಿಕ್ ಕಟ್ಟಿದ್ದೂ ಅಲ್ಲೇ. ಜಾರ್ಜ್ 1950ರ ದಶಕದ ಶುರುವಿನಲ್ಲಿ ಕೆಲಸಕ್ಕಾಗಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇದ್ದವರು. ಬ್ಲೂಸ್, ಜಾಸ್, ಕಂಟ್ರಿ ಹೀಗೆ ಅವರ ಹತ್ತಿರ ರೆಕಾರ್ಡುಗಳ ರಾಶಿಯೇ ಇತ್ತು. ಬ್ರಿಟನ್ನಿನ ಹೆಚ್ಚಿನ ಮನೆಗಳಲ್ಲಿ ಹೆಸರೂ ಗೊತ್ತಿಲ್ಲದ ಅಮೆರಿಕದ ಗಾಯಕರು ಲೆಡ್ ಬೆಲಿ, ಜಿಮ್ಮಿ ರಾಜರ್ಸ್, ಹ್ಯಾಂಕ್ ವಿಲಿಯಮ್ಸ್ ಈ ಮನೆಯ ಕೋಣೆಯಲ್ಲಿ ದಿನವೂ ಹಾಡುತ್ತಿದ್ದರು.

ಈ ಆಲ್ಬಮ್ಮಿನ ಬೀಗದ ಕೈ ಇಲ್ಲಿದೆ. ಲಿವರ್‌ಪೂಲ್, ಲಂಡನ್ನಿನ ಹುಡುಗರಿಗೆ 'ರಾಕ್ ಐಲೆಂಡ್ ಲೈನ್' ಅಂದರೆ ಡಾನಿಗನ್ ಹಾಡು. ಅದರ ಹಿಂದೆ ಯಾರಿದ್ದಾರೆ ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ. ಮಾರಿಸನ್ ಮಾತ್ರ, ಡಾನಿಗನ್‌ಗಿಂತ ಮೊದಲು ಆ ಹಾಡು ಹಾಡಿದ್ದ ಕಪ್ಪು ಗಾಯಕ ಲೆಡ್ ಬೆಲಿಯನ್ನು ಮೊದಲೇ ಕೇಳಿದ್ದ ಹುಡುಗ. ರೇಡಿಯೊದಲ್ಲಿ ಸ್ಕಿಫಲ್ ಬಂದಾಗ ಅವರಿಗೆ ಆಶ್ಚರ್ಯ ಆದದ್ದು ಹಾಡಿನಿಂದಲ್ಲ, ಅಪ್ಪನ ರೆಕಾರ್ಡಿನಲ್ಲಿದ್ದದ್ದನ್ನು ಇಲ್ಲಿನವರೂ ಹಾಡಬಹುದು ಅನ್ನುವುದರಿಂದ ಅಂತ ಅಂದುಕೊಂಡರೆ ತಪ್ಪಿಲ್ಲ. ಅವರಿಗೆ 11 ವರ್ಷ ಆದಾಗ ತಂದೆ ಗಿಟಾರ್ ಕೊಡಿಸಿದರು. ಅಮೆರಿಕದ ಕಂಟ್ರಿ ತಂಡವಾದ ಕಾರ್ಟರ್ ಕುಟುಂಬದ ಶೈಲಿಯ ಒಂದು ಪಾಠದ ಪುಸ್ತಕ ಇಟ್ಟುಕೊಂಡು ಮೊದಲ ಕಾರ್ಡುಗಳನ್ನು ಕಲಿತರು. ಮರುವರ್ಷ ಬೀದಿಯ ಗೆಳೆಯರ ಜೊತೆ ಸ್ಕಿಫಲ್ ತಂಡ ಕಟ್ಟಿದರು. ಸೋವಿಯತ್ ರಷ್ಯಾ ಆಗಷ್ಟೇ ಉಪಗ್ರಹ ಹಾರಿಸಿತ್ತು. ತಂಡಕ್ಕೆ 'ಸ್ಪುಟ್ನಿಕ್ಸ್' ಅಂತ ಹೆಸರಿಟ್ಟರು.

'ಫ್ರೈಟ್ ಟ್ರೇನ್' ಮತ್ತು ಎಲಿಜಬೆತ್ ಕಾಟನ್

ಆಲ್ಬಂ ಶುರುವಾಗುವುದೇ 'ಫ್ರೈಟ್ ಟ್ರೇನ್' ಹಾಡಿನಿಂದ. ಈ ಒಂದು ಹಾಡಿನ ಕಥೆ ಹೇಳಿದರೆ ಸ್ಕಿಫಲ್‌ನ ಸೊಬಗೂ ಅದರೊಳಗಿನ ಅನ್ಯಾಯವೂ ಎರಡೂ ಕಾಣಿಸುತ್ತವೆ. ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಇಲ್ಲಿ ನಿಲ್ಲುತ್ತೇನೆ.

ಎಲಿಜಬೆತ್ ಕಾಟನ್ ಹುಟ್ಟಿದ್ದು 1893ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಚಾಪೆಲ್ ಹಿಲ್ ಹತ್ತಿರದ ಕಾರ್‌ಬರೊದಲ್ಲಿ. ಮನೆ ಪಕ್ಕದಲ್ಲೇ ರೈಲು ಹಳಿ. ಕಪ್ಪು ಕುಟುಂಬದ ಬಡ ಹುಡುಗಿ. ಚಿಕ್ಕ ವಯಸ್ಸಿನಲ್ಲೇ ಬೇರೆಯವರ ಮನೆಗೆಲಸಕ್ಕೆ ಸೇರಿ, ಸಂಬಳ ಕೂಡಿಟ್ಟು 3 ಡಾಲರ್ 75 ಸೆಂಟಿಗೆ ಒಂದು ಗಿಟಾರ್ ಕೊಂಡರು. ಅವರದ್ದು ಎಡಗೈ. ಗಿಟಾರ್ ಇದ್ದದ್ದು ಬಲಗೈಯವರಿಗೆ. ತಂತಿ ಬದಲಿಸದೆ ವಾದ್ಯವನ್ನೇ ತಿರುಗಿಸಿ ಹಿಡಿದರು. ಎಲ್ಲರೂ ಹೆಬ್ಬೆರಳಲ್ಲಿ ನುಡಿಸುವ ದಪ್ಪ ತಂತಿಗಳನ್ನು ಅವರು ಬೆರಳಲ್ಲಿ ನುಡಿಸಿದರು, ಬೆರಳಲ್ಲಿ ನುಡಿಸುವ ರಾಗವನ್ನು ಹೆಬ್ಬೆರಳಲ್ಲಿ ನುಡಿಸಿದರು. ಗಿಟಾರ್ ಕಲಿಯುವವರು ಇಂದಿಗೂ ಆ ಶೈಲಿಯನ್ನು ಅವರ ಹೆಸರಲ್ಲೇ ಕರೆಯುತ್ತಾರೆ. 'ಫ್ರೈಟ್ ಟ್ರೇನ್' ಕಟ್ಟಿದಾಗ ಅವರಿಗೆ 11-12 ವರ್ಷ. ಸತ್ತ ಮೇಲೂ ರೈಲಿನ ಸದ್ದು ಕೇಳುವ ಜಾಗದಲ್ಲಿ ಹೂಳಿ ಅಂತ ಕೇಳಿಕೊಳ್ಳುವ ಹಾಡು. ಆ ವಯಸ್ಸಿನ ಹುಡುಗಿಗೆ ಅಂಥ ಮಾತು ಬಂದದ್ದು ನೆನೆದರೆ ಎದೆ ಭಾರವಾಗುತ್ತದೆ.

ಮದುವೆ ಆಯಿತು, ಮಗು ಆಯಿತು. ಚರ್ಚಿನವರ ಮಾತು ಕೇಳಿ ಗಿಟಾರ್ ಬಿಟ್ಟರು. ಹಲವು ದಶಕ ಮುಟ್ಟಲೇ ಇಲ್ಲ. 1940ರ ದಶಕದಲ್ಲಿ ವಾಷಿಂಗ್ಟನ್‌ನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ದಾರಿ ತಪ್ಪಿದ ಒಬ್ಬ ಪುಟ್ಟ ಹುಡುಗಿಯನ್ನು ತಾಯಿಯ ಹತ್ತಿರ ಸೇರಿಸಿದರು. ಹುಡುಗಿ ಪೆಗ್ಗಿ ಸೀಗರ್. ತಾಯಿ ಸಂಗೀತ ರಚನೆಕಾರ್ತಿ ರೂತ್ ಕ್ರಾಫರ್ಡ್ ಸೀಗರ್, ತಂದೆ ಸಂಗೀತ ವಿದ್ವಾಂಸ ಚಾರ್ಲ್ಸ್ ಸೀಗರ್. ಕಾಟನ್ ಅವರ ಮನೆಗೆಲಸಕ್ಕೆ ಹೋದರು. ಆ ಮನೆ ತುಂಬ ಜನಪದ ಹಾಡು, ಗೋಡೆಯಲ್ಲಿ ಗಿಟಾರ್. ಒಂದು ದಿನ ಅದನ್ನು ಇಳಿಸಿ ನುಡಿಸಿದರು. ಮನೆಯವರು ಬೆರಗಾದರು.

ಪೆಗ್ಗಿ ಬೆಳೆದು 1956ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಈ ಹಾಡು ಹಾಡಿದರು. ಕೇಳಿದ ಸ್ಕಿಫಲ್ ತಂಡಗಳು ಎತ್ತಿಕೊಂಡವು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡ ನ್ಯಾನ್ಸಿ ವಿಸ್ಕಿ ಅವರ ಗಾಯನದಲ್ಲಿ ಇದನ್ನು ಹಾಡಿ ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ತಂದಿತು. ಆದರೆ ಹಾಡು ಬರೆದವರು ಅಂತ ನೋಂದಾಯಿಸಿದ್ದು ಬೇರೆ ಇಬ್ಬರ ಹೆಸರು. ಹಾಡು ಬ್ರಿಟನ್ ತುಂಬ ಓಡಾಡುವಾಗ ಅದನ್ನು ಕಟ್ಟಿದಾಕೆ ಅಮೆರಿಕದಲ್ಲಿ ಮನೆಗೆಲಸ ಮಾಡುತ್ತಿದ್ದರು. ಸೀಗರ್ ಕುಟುಂಬ ಬೆನ್ನಿಗೆ ನಿಂತ ಮೇಲೆ ಹಾಡಿನಲ್ಲಿ ಅವರ ಹೆಸರಿಗೆ, ಹಕ್ಕಿಗೆ ಜಾಗ ಸಿಕ್ಕಿತು. 1958ರಲ್ಲಿ ಫೋಕ್‌ವೇಸ್ ಕಂಪನಿಯಿಂದ ಅವರದ್ದೇ ಆಲ್ಬಂ ಬಂತು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ಅವರಿಗೆ 90 ದಾಟಿತ್ತು. 1987ರಲ್ಲಿ ತೀರಿಕೊಂಡರು.

ಮಾರಿಸನ್ ಈ ಹಾಡನ್ನು ಮೊದಲಿಗೇ ಇಟ್ಟದ್ದು ನನಗೆ ತುಂಬ ಹಿಡಿಸಿತು. ಅವರ ದನಿಯಲ್ಲಿ ಅದು ಉಲ್ಲಾಸದ ರೈಲು, ಸಾವಿನ ನೆರಳು ಕಡಿಮೆ. ಕಾಟನ್ ಅವರ ರೆಕಾರ್ಡಿನ ಮೆಲುದನಿ ಕೇಳಿದವರಿಗೆ ಆ ಉಲ್ಲಾಸ ಸ್ವಲ್ಪ ಹೆಚ್ಚಾಯಿತು ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತದೆ.

ಜನಪದ ಅಂದರೆ ಯಾರದ್ದೂ ಅಲ್ಲ ಅಂತಲ್ಲ

ಹಳೇ ರೆಕಾರ್ಡುಗಳ ಮೇಲೆ ಹಾಡು ಬರೆದವರ ಹೆಸರಿನ ಜಾಗದಲ್ಲಿ 'ಸಾಂಪ್ರದಾಯಿಕ, ಹೊಂದಿಸಿದವರು ಇಂಥವರು' ಅಂತ ಇರುತ್ತಿತ್ತು. ಇದರ ಹಿಂದಿನ ಲೆಕ್ಕಾಚಾರ ತಿಳಿಯಬೇಕು. ಹಾಡು ಬರೆದವರು ಯಾರು ಅಂತ ಗೊತ್ತಿಲ್ಲದಿದ್ದರೆ ಮೂಲ ಹಾಡಿಗೆ ಹಕ್ಕುದಾರರಿಲ್ಲ. ಆದರೆ ಅದನ್ನು ಹೊಸದಾಗಿ ಹೊಂದಿಸಿ ಹಾಡಿದವರು ಆ ಹೊಂದಿಕೆಗೆ ಹಕ್ಕು ಕೇಳಬಹುದು. ರೆಕಾರ್ಡ್ ಮಾರಾಟವಾದಾಗ, ರೇಡಿಯೊದಲ್ಲಿ ಬಂದಾಗ ಬರೆದವರಿಗೆ ಸಲ್ಲಬೇಕಾದ ದುಡ್ಡು ಹೊಂದಿಸಿದವರಿಗೆ ಹೋಗುತ್ತದೆ. ಹಾಡು ನಿಜವಾಗಿಯೂ ನೂರಾರು ವರ್ಷ ಹಳೆಯದಾದರೆ ಇದರಲ್ಲಿ ದೊಡ್ಡ ತಪ್ಪಿಲ್ಲ. ಕಟ್ಟಿದವರು ಇನ್ನೂ ಬದುಕಿದ್ದು, ಬಡವರೂ ಕಪ್ಪು ಜನರೂ ಆಗಿದ್ದು, ಯಾರೂ ಅವರನ್ನು ಕೇಳದೆ ಹೋದಾಗ ಅದು ಅನ್ಯಾಯ.

'ರಾಕ್ ಐಲೆಂಡ್ ಲೈನ್' ಹಾಡನ್ನೇ ನೋಡಿ. ಅದು ಹುಟ್ಟಿದ್ದು 1920ರ ದಶಕದ ಕೊನೆಗೆ, ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನ ರೈಲ್ವೆ ಕಾರ್ಖಾನೆಯಲ್ಲಿ. ಕ್ಲಾರೆನ್ಸ್ ವಿಲ್ಸನ್ ಅನ್ನುವ ಕಾರ್ಮಿಕರು, ರಾಕ್ ಐಲೆಂಡ್ ರೈಲ್ವೆ ಕಂಪನಿಯ ಹೆಸರು ಹೊಗಳುವ ಗಾಯಕರ ಗುಂಪಿಗಾಗಿ ಕಟ್ಟಿದ ಹಾಡು. ಅದು ಹೇಗೋ ಜೈಲುಗಳಿಗೆ ಹೋಯಿತು. 1934ರಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಜಾನ್ ಲೋಮ್ಯಾಕ್ಸ್ ಅದನ್ನು ಅರ್ಕನ್ಸಾದ ಕೈದಿಗಳ ಬಾಯಲ್ಲಿ ರೆಕಾರ್ಡ್ ಮಾಡಿದರು. ಜೊತೆಗಿದ್ದವರು ಲೆಡ್ ಬೆಲಿ, ಅಂದರೆ ಹಡಿ ಲೆಡ್‌ಬೆಟರ್. ಅವರೂ ಜೈಲು ಕಂಡವರೇ. ಆ ಹಾಡನ್ನು ಕಲಿತು, ರೈಲಿನವನು ಸುಂಕದವರನ್ನು ಯಾಮಾರಿಸುವ ಮಾತಿನ ಕಥೆ ಸೇರಿಸಿ ಬೆಳೆಸಿದರು. ಅದೇ ಕಥೆ ಡಾನಿಗನ್ ಬಾಯಿಗೆ ಬಂತು. ಲೆಡ್ ಬೆಲಿ 1949ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷವೇ ಅವರ 'ಗುಡ್‌ನೈಟ್ ಐರೀನ್' ಬೇರೆ ತಂಡದ ದನಿಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆ ಹಾಡಿನ ಹಕ್ಕಿನಲ್ಲಿ ಲೋಮ್ಯಾಕ್ಸ್ ಹೆಸರೂ ಇತ್ತು.

ಬಿಳಿಯರ ಹಳ್ಳಿ ಹಾಡಿನಲ್ಲೂ ಇದೇ ನಡೆದಿದೆ. ಆಲ್ಬಮ್ಮಿನಲ್ಲಿರುವ 'ವರೀಡ್ ಮ್ಯಾನ್ ಬ್ಲೂಸ್' ಹಾಡನ್ನು ಕಾರ್ಟರ್ ಕುಟುಂಬ 1930ರಲ್ಲಿ ರೆಕಾರ್ಡ್ ಮಾಡಿತು. ಎ.ಪಿ. ಕಾರ್ಟರ್ ವರ್ಜೀನಿಯಾ, ಟೆನಿಸ್ಸೀ ಬೆಟ್ಟಗಳಲ್ಲಿ ಊರೂರು ಸುತ್ತಿ ಹಾಡು ಕೂಡಿಸುತ್ತಿದ್ದರು. ಜೊತೆಗೆ ಲೆಸ್ಲಿ ರಿಡಲ್ ಅನ್ನುವ ಕಪ್ಪು ಗಿಟಾರ್ ವಾದಕ. ಕಾರ್ಟರ್ ಪದ ಬರೆದುಕೊಂಡರೆ ರಿಡಲ್ ರಾಗ ನೆನಪಿಟ್ಟುಕೊಳ್ಳುತ್ತಿದ್ದರು. ಕೂಡಿಸಿದ ಹಾಡುಗಳು ಕಾರ್ಟರ್ ಹೆಸರಲ್ಲಿ ನೋಂದಣಿ ಆದವು. ರಿಡಲ್ ಹೆಸರು ಬಹಳ ಕಾಲ ಯಾರಿಗೂ ಗೊತ್ತಾಗಲಿಲ್ಲ.

ಆಲ್ಬಮ್ಮಿನ ಒಳಗೆ

ಈಗ ಹಾಡುಗಳಿಗೆ ಬರೋಣ. 23 ಹಾಡೂ ಒಂದೇ ಜಾತಿಯವಲ್ಲ. ಕೆಲವು ಅಪ್ಪಟ ಸ್ಕಿಫಲ್ ಕಾಲದವು. 'ಸ್ಟ್ರೀಮ್‌ಲೈನ್ ಟ್ರೇನ್', 'ನೋ ಅದರ್ ಬೇಬಿ' ಎರಡನ್ನೂ ಟೂ ಐಸ್‌ನಲ್ಲಿ ಹಾಡುತ್ತಿದ್ದ ವೈಪರ್ಸ್ ತಂಡ ರೆಕಾರ್ಡ್ ಮಾಡಿತ್ತು. ಆ ತಂಡದ ನಿರ್ಮಾಪಕರು ಜಾರ್ಜ್ ಮಾರ್ಟಿನ್. ಮುಂದೆ ಬೀಟಲ್ಸ್‌ನ ನಿರ್ಮಾಪಕರಾದವರು ಅವರೇ.

'ಸೇಲ್ ಅವೇ ಲೇಡೀಸ್' ಹಾಡಿನಲ್ಲಿ ಒಂದು ಸೂಕ್ಷ್ಮ ಇದೆ. ಇದು ಅಮೆರಿಕದ ದಕ್ಷಿಣದ ಹಳೇ ಪಿಟೀಲು ರಾಗ. ಇದನ್ನೇ ಬದಲಿಸಿ ವೈಪರ್ಸ್ ಮತ್ತು ಡಾನಿಗನ್ 1957ರಲ್ಲಿ 'ಡೋಂಟ್ ಯು ರಾಕ್ ಮಿ ಡ್ಯಾಡಿ ಓ' ಅಂತ ಹಾಡಿ ಜನಪ್ರಿಯ ಮಾಡಿದರು. ಮಾರಿಸನ್ 1998ರ ನವೆಂಬರಿನಲ್ಲಿ ಬೆಲ್‌ಫಾಸ್ಟಿನ ವಿಟ್ಲಾ ಹಾಲ್‌ನಲ್ಲಿ ಸ್ವತಃ ಡಾನಿಗನ್ ಮತ್ತು ಕ್ರಿಸ್ ಬಾರ್ಬರ್ ಜೊತೆ ಕಛೇರಿ ಕೊಟ್ಟಿದ್ದರು. 2000ದಲ್ಲಿ ಅದು 'ದ ಸ್ಕಿಫಲ್ ಸೆಷನ್ಸ್' ಆಲ್ಬಂ ಆಗಿ ಬಂತು. ಅಲ್ಲಿ ಹಾಡಿದ್ದು ಡ್ಯಾಡಿ ಓ ರೂಪ. 2023ರಲ್ಲಿ ಅದನ್ನು ಬಿಟ್ಟು ಅದರ ಹಿಂದಿನ ಮೂಲಕ್ಕೆ ಹೋಗಿದ್ದಾರೆ. ಡಾನಿಗನ್ 2002ರಲ್ಲಿ, ಬಾರ್ಬರ್ 2021ರಲ್ಲಿ ತೀರಿಕೊಂಡಿದ್ದರು. ಅವರಿಲ್ಲದೆ ಮಾಡಿದ ಸ್ಕಿಫಲ್ ಆಲ್ಬಮ್ಮಿನಲ್ಲಿ ಅವರಿಗಿಂತ ಒಂದು ಹೆಜ್ಜೆ ಹಿಂದಿನ ಹಾಡು ಇರುವುದು ಸುಮ್ನೆ ಆಗಿದ್ದಲ್ಲ ಅಂತ ನನಗೆ ಅನ್ನಿಸುತ್ತದೆ.

'ಜಿಪ್ಸಿ ಡೇವಿ' ಇನ್ನೂ ದೂರ ನಡೆದ ಹಾಡು. ಶ್ರೀಮಂತನ ಹೆಂಡತಿ ಮನೆ, ಮೆತ್ತನೆ ಹಾಸಿಗೆ ಎಲ್ಲ ಬಿಟ್ಟು ಜಿಪ್ಸಿಗಳ ಜೊತೆ ಹೊರಟುಹೋಗುವ ಕಥೆ. 18ನೇ ಶತಮಾನದಲ್ಲೇ ಸ್ಕಾಟ್ಲೆಂಡಿನಲ್ಲಿ ಅಚ್ಚಾಗಿತ್ತು. ವಲಸೆ ಹೋದವರ ಜೊತೆ ಅಟ್ಲಾಂಟಿಕ್ ದಾಟಿ, ಅಮೆರಿಕದಲ್ಲಿ ಉಡುಪು ಬದಲಿಸಿ, ಅಲ್ಲಿನ ಜನಪದ ಗಾಯಕ ವುಡಿ ಗತ್ರಿ ದನಿಯಲ್ಲಿ ರೆಕಾರ್ಡ್ ಆಗಿ, ಮತ್ತೆ ಈ ಕಡೆಗೇ ಬಂತು. 'ಟೇಕ್ ದಿಸ್ ಹ್ಯಾಮರ್' ಕೈದಿಗಳು ಕಲ್ಲು ಒಡೆಯುವಾಗ, ಹಳಿ ಹಾಕುವಾಗ ಹಾಡಿದ್ದು. ಲೆಡ್ ಬೆಲಿ ಹಾಡಿದಾಗ ಪ್ರತಿ ಸಾಲಿನ ಕೊನೆಗೆ ಸುತ್ತಿಗೆ ಬೀಳುವ ಜಾಗದಲ್ಲಿ ಒಂದು ಉಸಿರು ಬಿಡುತ್ತಾರೆ. ಆ ಉಸಿರೇ ಹಾಡಿನ ತಾಳ. ಆರಾಮಾಗಿ ಕೂತು ಹಾಡುವವರಿಗೆ ಅದನ್ನು ತರುವುದು ಕಷ್ಟ, ಇಲ್ಲೂ ಅದು ಪೂರ್ತಿ ಬಂದಿಲ್ಲ.

ಇನ್ನು ಹ್ಯಾಂಕ್ ವಿಲಿಯಮ್ಸ್ ಅವರ 'ಐಯಾಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ', 'ಕೋಲ್ಡ್ ಕೋಲ್ಡ್ ಹಾರ್ಟ್', ಡಾನ್ ಗಿಬ್ಸನ್ ಅವರ 'ಓ ಲೋನ್‌ಸಮ್ ಮಿ'. ಇವು ಕಂಟ್ರಿ ಹಾಡುಗಳು. ಆಲ್ಬಮ್ಮಿಗೆ ಹೆಸರು ಕೊಟ್ಟ 'ಐಯಾಮ್ ಮೂವಿಂಗ್ ಆನ್' ಕೂಡ ಹ್ಯಾಂಕ್ ಸ್ನೋ 1950ರಲ್ಲಿ ಹಾಡಿ, 21 ವಾರ ಅಮೆರಿಕದ ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಹಾಡು. ಸ್ಕಿಫಲ್ ಅನ್ನುವ ಹೆಸರಿನ ಕೆಳಗೆ ಇವೆಲ್ಲ ಯಾಕೆ ಅಂತ ಕೆಲವರು ಕೇಳಬಹುದು. ಅಪ್ಪನ ರೆಕಾರ್ಡುಗಳ ರಾಶಿ ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ. ಆ ಹುಡುಗನಿಗೆ ಬ್ಲೂಸ್, ಕಂಟ್ರಿ, ಜನಪದ ಅಂತ ಬೇರೆ ಬೇರೆ ಕಪಾಟು ಇರಲಿಲ್ಲ. ಎಲ್ಲವೂ ಒಂದೇ ಗ್ರಾಮೊಫೋನಿನಿಂದ ಬಂದವು.

'ಗವ್ ಡೋಂಟ್ ಅಲೌ' ಬಗ್ಗೆ ಒಂದು ಮಾತು. ಮೂಲ ಹಾಡು 'ಮಾಮಾ ಡೋಂಟ್ ಅಲೌ'. ಅಮ್ಮ ಇಲ್ಲಿ ಗಿಟಾರ್ ನುಡಿಸಬೇಡ ಅನ್ನುತ್ತಾಳೆ, ನಾವು ನುಡಿಸಿಯೇ ಬಿಡುತ್ತೇವೆ ಅನ್ನುವ ತಮಾಷೆ. ಗಿಟಾರ್ ಅಂದ ಕೂಡಲೇ ಗಿಟಾರ್ ವಾದಕನ ಸರದಿ, ಬೇಸ್ ಅಂದ ಕೂಡಲೇ ಬೇಸ್‌ನ ಸರದಿ. ತಂಡದ ಪ್ರತಿಯೊಬ್ಬರನ್ನೂ ಜನರ ಮುಂದೆ ನಿಲ್ಲಿಸೋಕೆ ಮಾಡಿದ ಜಾಣ ಹಾಡು ಅದು. ಮಾರಿಸನ್ ಅಮ್ಮನ ಜಾಗದಲ್ಲಿ ಸರ್ಕಾರವನ್ನು ತಂದಿದ್ದಾರೆ. 2020ರಲ್ಲಿ ಅವರು ಲಾಕ್‌ಡೌನ್ ವಿರುದ್ಧ ಹಾಡು ಮಾಡಿ ಸಾಕಷ್ಟು ಟೀಕೆಗೆ ಗುರಿಯಾಗಿದ್ದರು. ಆ ಸಿಟ್ಟಿನ ಮುಂದುವರಿಕೆ ಇದು. ಹಳೇ ಹಾಡಿನ ಪದ ಬದಲಿಸುವುದು ಜನಪದದ ರೂಢಿಯೇ, ಅದಕ್ಕೆ ಆಕ್ಷೇಪ ಇಲ್ಲ. ಆದರೆ ಅಮ್ಮನ ಜೊತೆಗಿನ ಜಗಳದಲ್ಲಿ ಪ್ರೀತಿ ಇತ್ತು. ಸರ್ಕಾರದ ಜೊತೆಗಿನದ್ದರಲ್ಲಿ ಅದು ಇಲ್ಲ. ಹಾಡು ಸೊರಗಿದೆ. ಅದಕ್ಕಿಂತ 'ದಿಸ್ ಲಿಟಲ್ ಲೈಟ್ ಆಫ್ ಮೈನ್' ಹಾಡಿನ 'ಲಿಟಲ್' ತೆಗೆದು 'ಲವಿಂಗ್' ಸೇರಿಸಿದ್ದು ಎಷ್ಟೋ ಚೆಂದ ಒಪ್ಪಿದೆ.

ಸದ್ದಿನ ವಿಷಯಕ್ಕೆ ಬಂದರೆ, ಇದು 1957ರ ಸ್ಕಿಫಲ್ ಅಲ್ಲ. ವಾಷ್‌ಬೋರ್ಡ್ ಇದೆ, ಪಿಟೀಲು ಇದೆ, ಹಿಂದೆ ದನಿಗೂಡಿಸುವ ಗಾಯಕಿಯರಿದ್ದಾರೆ. ಆದರೆ ಎಲ್ಲರೂ ನುರಿತ ವೃತ್ತಿಪರರು, ಎಲ್ಲವೂ ಅಚ್ಚುಕಟ್ಟು. ಚಹಾ ಪೆಟ್ಟಿಗೆ ಬೇಸ್‌ನಲ್ಲಿ ಸ್ವರ ಅರ್ಧ ತಪ್ಪುತ್ತಿದ್ದ, ಮೂರು ಕಾರ್ಡಿನ ಹುಡುಗರು ಉಸಿರುಗಟ್ಟಿ ಓಡುತ್ತಿದ್ದ ಆ ಆತುರ ಇಲ್ಲಿಲ್ಲ. 1998ರ ಕಛೇರಿಯಲ್ಲಿ ಅದು ಸ್ವಲ್ಪ ಇತ್ತು, ಯಾಕಂದರೆ ಪಕ್ಕದಲ್ಲಿ ಡಾನಿಗನ್ ಇದ್ದರು, ಎದುರಿಗೆ ಜನ ಇದ್ದರು. ಆ ಆತುರ ಬೇಕು ಅನ್ನುವವರು ಮೊದಲು ಅದನ್ನೇ ಕೇಳಲಿ.

2023ರ ಆಲ್ಬಮ್ಮಿನಲ್ಲಿ ಸಿಗುವುದು ಬೇರೆ. ಒಂದು ಸಾಲನ್ನು ಹಿಡಿದು ತಿರುಗಿಸಿ ತಿರುಗಿಸಿ, ಪದ ಒಡೆದು ಬರೀ ದನಿ ಉಳಿಯುವ ತನಕ ಹಾಡುವ ಮಾರಿಸನ್ ಅಭ್ಯಾಸ. ಅದು ಅತಿ ಚೆನ್ನಾಗಿ ಕೇಳುವುದು ಕೊನೆಯ 'ಗ್ರೀನ್ ರಾಕಿ ರೋಡ್'ನಲ್ಲಿ. 1960ರ ದಶಕದ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಜನಪದ ಗಾಯಕರ ಹಾಡು ಇದು, ಮಕ್ಕಳ ಆಟದ ಹಾಡಿನಿಂದ ಬೆಳೆದದ್ದು. ಉಳಿದ ಹಾಡುಗಳಲ್ಲಿ ಹೆಚ್ಚಿನವು ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದರೆ ಇದು 9 ನಿಮಿಷದ ಆಸುಪಾಸು ಹರಿಯುತ್ತದೆ. ಲಯ ನಿಧಾನ, ಅವಸರ ಇಲ್ಲ. ಇಡೀ ಆಲ್ಬಮ್ಮಿನಲ್ಲಿ ಒಂದೇ ಹಾಡು ಕೇಳುವುದಾದರೆ ಇದನ್ನು ಕೇಳಿ. ಎರಡು ಕೇಳುವುದಾದರೆ 'ಫ್ರೈಟ್ ಟ್ರೇನ್' ಸೇರಿಸಿಕೊಳ್ಳಿ. ಆದರೆ ಅದಕ್ಕೆ ಮೊದಲು ಕಾಟನ್ ಅವರದ್ದು, ಆಮೇಲೆ ನ್ಯಾನ್ಸಿ ವಿಸ್ಕಿ ಅವರದ್ದು ಕೇಳಿಯೇ ಮಾರಿಸನ್ ಹತ್ತಿರ ಬನ್ನಿ.

1958ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸ್ಕಿಫಲ್ ಅಲೆ ಇಳಿದಿತ್ತು. ಹುಡುಗರು ಚಹಾ ಪೆಟ್ಟಿಗೆ ಬಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದು ರಾಕ್ ಆಂಡ್ ರೋಲ್ ಕಡೆ ಹೋದರು. ಮಾರಿಸನ್ ಕೂಡ ಹೋದರು. ಅದೇ ಕ್ರಮದಲ್ಲಿ, ಈ ಆಲ್ಬಂ ಬಂದ ವರ್ಷದ ನವೆಂಬರಿನಲ್ಲೇ ಅವರು 'ಆಕ್ಸೆಂಚುಯೇಟ್ ದ ಪಾಸಿಟಿವ್' ತಂದರು. 'ಶೇಕ್ ರ‍್ಯಾಟಲ್ ಆಂಡ್ ರೋಲ್', 'ಬೈ ಬೈ ಲವ್' ಮೊದಲಾದ ರಾಕ್ ಆಂಡ್ ರೋಲ್ ಕಾಲದ ಹಾಡುಗಳು ಅದರಲ್ಲಿವೆ. ಸ್ಪುಟ್ನಿಕ್ಸ್ ತಂಡದ ಹುಡುಗ ಸ್ಕಿಫಲ್ ಆದ ಮೇಲೆ ಹೊರಳಿದ್ದು ಅಂಥ ಹಾಡುಗಳ ಕಡೆಗೇ.